ಪದ ಬೇಕು: ಆಳೆತ್ತರದ ಪೆಟ್ಟಿಗೆ ಗಡಿಯಾರಕ್ಕೆ ಏನನ್ನೋಣ? (ಶುಕ್ರವಾರದೊಳಗೆ)

ವಿ. (ಮ್ಯಾಸಚೂಸೆಟ್ಸ್):

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು.

ನಮ್ಮೂರಿನ ಇತಿಹಾಸ ಸಂಘದವರು ಹಳೇ ಗಡಿಯಾರಗಳ ಪ್ರದರ್ಶನ ಇಡುತ್ತಿದ್ದಾರೆ. ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬಂದು ಇರುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ಇಲ್ಲಿ ಜಾಸ್ತಿ. ಅವರಿಗೆ ಕನ್ನಡದಲ್ಲೂ ಒಂದು ಕರಪತ್ರ ಇರಲಿ ಅಂದರು, ನಾನು ಹೂಂ ಅಂದುಬಿಟ್ಟೆ. ಶುಕ್ರವಾರ ಅಚ್ಚಿಗೆ ಹೋಗಬೇಕು.

ಸಿಕ್ಕಿಬಿದ್ದಿರುವುದು 'ಗ್ರ್ಯಾಂಡ್‌ಫಾದರ್ ಕ್ಲಾಕ್' ಹತ್ತಿರ. ನೆಲದ ಮೇಲೆ ನಿಲ್ಲುವ, ಆಳಿಗಿಂತ ಎತ್ತರದ ಮರದ ಪೆಟ್ಟಿಗೆ. ಮೇಲೆ ಡಯಲ್, ಒಳಗೆ ಸುಮಾರು ಒಂದು ಮೀಟರ್ ಉದ್ದದ ಲೋಲಕ, ಹಗ್ಗಕ್ಕೆ ಕಟ್ಟಿದ ಭಾರದ ಗುಂಡುಗಳು. ಪದ ಎರಡು ಕಡೆ ಬೇಕು. ಒಂದು, ಗಡಿಯಾರದ ಪಕ್ಕದ ಫಲಕಕ್ಕೆ. ಇನ್ನೊಂದು, ಹಳೇ ಆಸ್ತಿಪಟ್ಟಿಯ ಅನುವಾದಕ್ಕೆ. 18ನೇ ಶತಮಾನದಲ್ಲಿ ಇಲ್ಲಿ ಮನೆ ಯಜಮಾನ ತೀರಿಕೊಂಡರೆ ಊರಿನ ಕೆಲವರು ಬಂದು ಹಸು, ನೇಗಿಲು, ಹಾಸಿಗೆ, ತಟ್ಟೆ ಎಲ್ಲವನ್ನೂ ಪಟ್ಟಿ ಮಾಡಿ, ಬೆಲೆ ಕಟ್ಟಿ ಕೋರ್ಟಿಗೆ ಒಪ್ಪಿಸುತ್ತಿದ್ದರು. ಅಂಥ ಪಟ್ಟಿಗಳಲ್ಲಿ ಗಡಿಯಾರವೂ ಬರುತ್ತದೆ.

ದಯವಿಟ್ಟು ಒಂದೇ ಒಂದು ಪದ ಕೊಡಿ. ಹತ್ತು ಬೇಡ.

ರಾ. (ಬೆಂಗಳೂರು):

ಅಜ್ಜನ ಗಡಿಯಾರ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಕೆ. (ಲೀಡ್ಸ್):

ಇದೆ ರಾ. ಅವರೇ. ಇಂಗ್ಲಿಷಿನಲ್ಲೇ ಆ ಹೆಸರು ಹೊಸದು. 1876ರಲ್ಲಿ ಅಮೆರಿಕದ ಒಂದು ಹಾಡು ಜನಪ್ರಿಯವಾಯಿತು. ಅದರಲ್ಲಿ ಅಜ್ಜನ ಗಡಿಯಾರ ಬರುತ್ತದೆ. ಅದಾದ ಮೇಲೆ ಈ ಗಡಿಯಾರಕ್ಕೆಲ್ಲ ಅಜ್ಜನ ಹೆಸರು ಅಂಟಿಕೊಂಡಿತು. ಗಡಿಯಾರ ಹುಟ್ಟಿದ್ದು ಅದಕ್ಕಿಂತ ಇನ್ನೂರು ವರ್ಷ ಮುಂಚೆ. 1656ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಲೋಲಕದ ಗಡಿಯಾರ ರೂಪಿಸಿದ. ಮೊದಮೊದಲ ಲೋಲಕ ಗಿಡ್ಡ, ಆ ಕಡೆ ಈ ಕಡೆ ತುಂಬಾ ಅಗಲ ಆಡುತ್ತಿತ್ತು. 1670ರ ಸುಮಾರಿಗೆ, ಚಕ್ರವನ್ನು ಒಂದೊಂದೇ ಹಲ್ಲಾಗಿ ಬಿಡುವ ಲಂಗರಿನ ಆಕಾರದ ಕೊಂಡಿ ಬಂದಾಗ ಲೋಲಕದ ಆಟ ಕಿರಿದಾಯಿತು. ಆಗ ಸೆಕೆಂಡಿಗೊಮ್ಮೆ ಟಿಕ್ ಅನ್ನುವ ಉದ್ದ ಲೋಲಕವನ್ನು ಕಿರಿದಾದ ಪೆಟ್ಟಿಗೆಯೊಳಗೆ ಇಳಿಬಿಡಲು ಸಾಧ್ಯವಾಯಿತು. ಪೆಟ್ಟಿಗೆ ಅಷ್ಟು ಉದ್ದ ಇರುವುದು ಅದಕ್ಕೇ.

ಹಾಗಾಗಿ 1780ರ ಆಸ್ತಿಪಟ್ಟಿಯಲ್ಲಿ 'ಅಜ್ಜನ ಗಡಿಯಾರ' ಅಂತ ಬರೆದರೆ ಅದು ಅನುವಾದವಲ್ಲ, ಸುಳ್ಳು. ವಿ. ಅವರೇ, ನಿಮ್ಮ ದಾಖಲೆಯಲ್ಲಿ ಏನು ಬರೆದಿದ್ದಾರೆ, ಅದನ್ನು ಹೇಳಿ ಮೊದಲು.

ವಿ.:

ಬರೀ 'ಗಡಿಯಾರ', 'ಗಡಿಯಾರ ಮತ್ತು ಪೆಟ್ಟಿಗೆ', 'ಎಂಟು ದಿನದ ಗಡಿಯಾರ' (ಒಮ್ಮೆ ಕೀಲಿ ತಿರುಗಿಸಿದರೆ ಎಂಟು ದಿನ ಓಡುವುದು), ಹೀಗೆ. ಅಜ್ಜ ಎಲ್ಲೂ ಇಲ್ಲ.

ಕೆ.:

ನೋಡಿದಿರಾ? ಆ 'ಮತ್ತು ಪೆಟ್ಟಿಗೆ' ಸುಮ್ನೆ ಬಂದಿದ್ದಲ್ಲ. ಒಳಗಿನ ಯಂತ್ರ ಮಾಡುವವನು ಒಬ್ಬ, ಪೆಟ್ಟಿಗೆ ಮಾಡುವ ಬಡಗಿ ಇನ್ನೊಬ್ಬ. ದುಡ್ಡು ಕಡಿಮೆ ಇದ್ದವರು ಬರೀ ಯಂತ್ರ ಕೊಂಡು ಗೋಡೆಗೆ ಹಾಕಿಕೊಳ್ಳುತ್ತಿದ್ದರು. ಪೆಟ್ಟಿಗೆ ಆಮೇಲೆ, ಅನುಕೂಲ ಆದಾಗ. ಪಟ್ಟಿಯಲ್ಲಿ ಬರೀ 'ಗಡಿಯಾರ' ಅಂತಿದ್ದರೆ ಪೆಟ್ಟಿಗೆ ಇತ್ತೋ ಇಲ್ಲವೋ ಹೇಳಲಾಗದು. ಅಲ್ಲಿ ನೀವು ಉದ್ದದ ಪದ ಹಾಕಿದರೆ ಇಲ್ಲದ ಪೆಟ್ಟಿಗೆಯನ್ನು ಸತ್ತವನ ಮನೆಗೆ ತಂದಿಟ್ಟ ಹಾಗೆ.

ಇಲ್ಲಿ ಬ್ರಿಟನ್ನಿನ ತೆರಿಗೆ ಪಟ್ಟಿಗಳೂ ಅಷ್ಟೇ. 1797ರಲ್ಲಿ ಪ್ರಧಾನಿ ಪಿಟ್ ಗಡಿಯಾರಗಳ ಮೇಲೆ ತೆರಿಗೆ ಹಾಕಿದ, ಮನೆಯ ಒಂದೊಂದು ಗಡಿಯಾರಕ್ಕೂ ವರ್ಷಕ್ಕೆ ಐದು ಶಿಲಿಂಗ್. ಮರುವರ್ಷವೇ ರದ್ದಾಯಿತು. ಸ್ಕಾಟ್ಲೆಂಡಿನಲ್ಲಿ ಆ ಪಟ್ಟಿಗಳು ಉಳಿದಿವೆ, ಯಾರ ಮನೆಯಲ್ಲಿ ಗಡಿಯಾರ ಇತ್ತು ಅಂತ ಹೆಸರು ಸಮೇತ ಗೊತ್ತಾಗುತ್ತದೆ. ತೆರಿಗೆಯವನಿಗೆ ಬೇಕಾದದ್ದು ಲೆಕ್ಕ. ಪೆಟ್ಟಿಗೆ ಎಷ್ಟೆತ್ತರ ಅಂತ ಅವನ್ಯಾಕೆ ಬರೆಯುತ್ತಾನೆ?

ನ. (ಧಾರವಾಡ):

ಪೆಟ್ಟಿಗೆ ಆಮೇಲೆ ಆಗಲಿ. 'ಗಡಿಯಾರ' ಎಲ್ಲಿಂದ ಬಂತು ಅಂತ ಯಾರೂ ಕೇಳಲೇ ಇಲ್ಲವಲ್ಲ! ಘಟಿಕಾ, ಅಂದರೆ ಸಣ್ಣ ಗಡಿಗೆ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತು ಒಂದು ಗಳಿಗೆ, ಇಪ್ಪತ್ತನಾಲ್ಕು ನಿಮಿಷ. ದಿನಕ್ಕೆ ಅರವತ್ತು. ಮರಾಠಿಯ ಘಡ್ಯಾಳ, ಹಿಂದಿಯ ಘಡಿಯಾಲ್, ನಮ್ಮ ಗಡಿಯಾರ, ಎಲ್ಲ ಒಂದೇ ಮನೆಯವು. ಇಂಗ್ಲಿಷಿನ 'ಕ್ಲಾಕ್' ಬಂದದ್ದು ಗಂಟೆಯ ಲ್ಯಾಟಿನ್ ಪದದಿಂದ. ನಾವೂ ಬಾರಿಸುವುದಕ್ಕೂ ಗಂಟೆ ಅನ್ನುತ್ತೇವೆ, ಹೊತ್ತಿಗೂ ಗಂಟೆ ಅನ್ನುತ್ತೇವೆ.

ಎಚ್. (ಶಿವಮೊಗ್ಗ):

ಅಲ್ಲ. ಗಡಿ ಅಂದರೆ ಎಲ್ಲೆ. ಹೊತ್ತಿಗೆ ಎಲ್ಲೆ ಹಾಕುವುದು ಗಡಿಯಾರ. ಅಚ್ಚಗನ್ನಡ. ಎಲ್ಲವನ್ನೂ ಸಂಸ್ಕೃತಕ್ಕೆ ಕಟ್ಟುವ ಚಟ ಬಿಡಿ.

ನ.:

ಹಾಗಾದರೆ ಆ 'ಯಾರ' ಯಾರು ಸಾರ್?

ಎಚ್.:

ತಮಾಷೆ ಬೇಡ. ನಿಮಗೆ ಅದು ಸಂಸ್ಕೃತವೇ ಆಗಬೇಕಿದ್ದರೆ 'ಹೊತ್ತಳಕ' ಅನ್ನಿ. ಎತ್ತರದ್ದು 'ನಿಲ್‌ಹೊತ್ತಳಕ'.

ರಾ.:

ಅಪ್ಪ ಅಮ್ಮಂದಿರು ಓದಿ ಗಾಬರಿಯಾಗುತ್ತಾರೆ. ಯಾವುದೋ ಕಾಯಿಲೆ ಅಂದುಕೊಂಡಾರು.

ಸ. (ಹುಬ್ಬಳ್ಳಿ):

ವಿ. ಅಕ್ಕಾರ, ನಮ್ಮಲ್ಲಿ ಆಳೆತ್ತರದ ಕನ್ನಡಿಗೆ ನಿಲುವುಗನ್ನಡಿ ಅಂತೇವಿ. ಅದೇ ಜಾಡಿನಲ್ಲಿ 'ನಿಲುವು ಗಡಿಯಾರ' ಅನ್ನಬಹುದಲ್ಲ? ಯಾರಿಗೂ ವಿವರಿಸಬೇಕಿಲ್ಲ, ಕೇಳಿದ ಕೂಡಲೇ ಎತ್ತರ ಕಣ್ಣಿಗೆ ಬರುತ್ತದೆ.

ಪಿ. (ಮೈಸೂರು):

ಅರಿಸಮಾಸ. ನಿಲುವು ಕನ್ನಡ, ಗಡಿಯಾರ ಸಂಸ್ಕೃತದ್ದು. 'ದೀರ್ಘಪೇಟಿಕಾ ಘಟಿಕಾಯಂತ್ರ' ಎಂದರೆ ಶುದ್ಧ.

ನ.:

ಮೇಷ್ಟ್ರೇ, ಗಡಿಯಾರ ತದ್ಭವ. ತದ್ಭವಕ್ಕೂ ದೇಶ್ಯಕ್ಕೂ ಸಮಾಸವಾದರೆ ಹಳೆಯ ವ್ಯಾಕರಣಕಾರ ಕೇಶಿರಾಜನ ತಕರಾರಿಲ್ಲ. ಅವನು ತಡೆದದ್ದು ಸಮಸಂಸ್ಕೃತದ, ಅಂದರೆ ರೂಪ ಬದಲಾಗದೆ ಬಂದ ಸಂಸ್ಕೃತ ಪದದ, ಜೊತೆಗಿನದನ್ನು. ನೀವೇ ಇಲ್ಲಿ ಹತ್ತು ಸಲ ಹೇಳಿದ್ದೀರಿ.

ಪಿ.:

ಹೇಳಿದ್ದೇನೆ. ಆದರೂ ಕಿವಿಗೆ ಒಪ್ಪುವುದಿಲ್ಲ.

ರಾ.:

ನನ್ನ ತಕರಾರು ಬೇರೆ. ಕನ್ನಡದಲ್ಲಿ ಗಡಿಯಾರ 'ನಿಂತಿತು' ಅಂದರೆ ಕೆಟ್ಟಿತು ಅಂತ. ಫಲಕ ನೋಡಿದ ಯಜಮಾನರು ಇದು ನಿಂತುಹೋಗಿರುವ ಗಡಿಯಾರ ಅಂದುಕೊಳ್ಳುವುದಿಲ್ಲವೇ?

ಸ.:

'ನಿಂತ ಗಡಿಯಾರ' ಬೇರೆ, 'ನಿಲುವು ಗಡಿಯಾರ' ಬೇರೆ. ನಿಲುವುಗನ್ನಡಿಯಲ್ಲಿ ಮುಖ ನೋಡುವವರು ಕನ್ನಡಿ ಕೆಟ್ಟಿದೆ ಅನ್ನುತ್ತಾರೇನು? ಮೈಸೂರಿನವರೇ ಹೇಳಲಿ. ನಿಮ್ಮ ಊರಿನ ಗೋಪುರಕ್ಕೆ ಜನ ಇಟ್ಟ ಹೆಸರು 'ದೊಡ್ಡ ಗಡಿಯಾರ'. ಇನ್ನೊಂದು 'ಚಿಕ್ಕ ಗಡಿಯಾರ'. ಯಾವ ಪಂಡಿತರನ್ನೂ ಕೇಳಲಿಲ್ಲ.

ಪಿ.:

ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡದ ಅಂಕಿಗಳಿವೆ, ಅದನ್ನೂ ಹೇಳಿ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಕಟ್ಟಿದ್ದು. ಈಗಿನವರು ಕೈಗಡಿಯಾರಕ್ಕೂ 'ವಾಚು' ಅನ್ನುತ್ತಾರೆ. ಇದೇ ಚರ್ಚೆಯಲ್ಲಿ 'ಡಯಲ್' ಅಂತ ಬರೆಯುವವರಿದ್ದಾರೆ.

ವಿ.:

ಮೇಷ್ಟ್ರೇ, ಆ ಡಯಲ್ ನನ್ನದೇ. 'ಮುಖ' ಅಂತ ಮಾಡುತ್ತೇನೆ, ನಿಮ್ಮ ವಾಕ್ಯದಲ್ಲೇ ಸಿಕ್ಕಿತು. 'ನಿಲುವು ಗಡಿಯಾರ' ನನಗೆ ಹಿಡಿಸಿದೆ. ಇನ್ನೊಂದು ವಾಕ್ಯ ನೋಡಿಕೊಡಿ.

ಪಕ್ಕದ ಗ್ರಾಫ್ಟನ್ನಿನವರು ವಿಲ್ಲರ್ಡ್ ಅಣ್ಣತಮ್ಮಂದಿರು, ಬೆಂಜಮಿನ್, ಸೈಮನ್, ಎಫ್ರೈಮ್, ಆರನ್. ನಾಲ್ವರೂ ಗಡಿಯಾರ ಮಾಡಿದವರೇ. ಸೈಮನ್ 1802ರಲ್ಲಿ ಗೋಡೆ ಗಡಿಯಾರವೊಂದಕ್ಕೆ ಪೇಟೆಂಟ್ ಪಡೆದ. ಅವರ ಹಳೇ ಮನೆ ಈಗ ಗಡಿಯಾರಗಳ ಮ್ಯೂಸಿಯಂ. ನಮ್ಮ ಪ್ರದರ್ಶನದ ಒಂದು ಗಡಿಯಾರದ ಮುಖದ ಮೇಲೆ ಹೆಸರೇ ಇಲ್ಲ. ಮುಖ ಬಣ್ಣ ಬಳಿದ ಕಬ್ಬಿಣದ ತಗಡು, ಮೂಲೆಗಳಲ್ಲಿ ಹೂವಿನ ಚಿತ್ರ. ಮುಳ್ಳುಗಳ ಕೆಳಗೆ ಕೀಲಿ ಹಾಕುವ ಎರಡು ತೂತಿವೆ. ಆದರೆ ಅವು ಬರೀ ಬಣ್ಣ! ಹಿಂದೆ ಏನೂ ಇಲ್ಲ. ಅದು ದಿನಾ ಸರಪಳಿ ಎಳೆಯಬೇಕಾದ ಮೂವತ್ತು ಗಂಟೆಯ ಗಡಿಯಾರ. ನೋಡಿದವರಿಗೆ ದುಬಾರಿಯ ಎಂಟು ದಿನದ್ದರ ಹಾಗೆ ಕಾಣಲಿ ಅಂತ ತೂತು ಬರೆಸಿದ್ದಾರೆ. ಫಲಕದಲ್ಲಿ 'ಎಂಟು ದಿನದ ಗಡಿಯಾರದಂತೆ ತೋರುವ ಸುಳ್ಳು ತೂತುಗಳು' ಅಂತ ಬರೆದಿದ್ದೇನೆ. ಸರಿಯಾ?

ಸ.:

'ಎಂಟು ದಿನದ ಗಡಿಯಾರ' ಅಂದರೆ ಎಂಟು ದಿನದ ಕೂಸು ಅಂದಂತೆ ಕೇಳುತ್ತದೆ. 'ಎಂಟು ದಿನ ಓಡುವ' ಅನ್ನಿ. ಇನ್ನು 'ಕೀಲಿ ಕೊಡುವ ತೂತು'. ಗಡಿಯಾರಕ್ಕೆ ಕೀಲಿ ಹಾಕುವುದಿಲ್ಲ, ಕೊಡುತ್ತೇವೆ. ಹಾಕುವುದು ಬಾಗಿಲಿಗೆ. ನಮ್ಮಲ್ಲಿ ಚಾವಿ ಕೊಡುವುದು ಅಂತೇವಿ.

ಎಚ್.:

ಚಾವಿ ಪೋರ್ಚುಗೀಸ್.

ನ.:

ಅಲಮಾರುವೂ ಪೋರ್ಚುಗೀಸ್. ನಿಮ್ಮ ಮನೆಯ ಅಲಮಾರು ಹೊರಗೆ ಹಾಕಿದ್ದೀರಾ? ಕೀಲಿಯೂ ಸಂಸ್ಕೃತದ ಕೀಲದಿಂದ ಬಂದದ್ದು. ಹಾಗಾದರೆ ಬಾಗಿಲು ತೆರೆದೇ ಮಲಗಿ.

ಎಚ್.:

ಹಳೆಯದು ಬಂದುಬಿಟ್ಟಿದೆ, ಬಿಡೋಣ. ಹೊಸದಾಗಿ ತರುವಾಗಲಾದರೂ ಯೋಚನೆ ಬೇಡವೇ? ಇವತ್ತು ಪೇಟೆಂಟ್, ನಾಳೆ ಮ್ಯೂಸಿಯಂ. ಕನ್ನಡ ಅಂದರೆ ಬರೀ 'ದ' ಪ್ರತ್ಯಯ ಅಂತಾಗುತ್ತದೆ.

ಪಿ.:

ಇದೊಂದನ್ನು ಎಚ್. ಅವರ ಜೊತೆ ಒಪ್ಪುತ್ತೇನೆ. ಕಾರಣ ಬೇರೆ.

ಕೆ.:

ಜಗಳ ಆಮೇಲೆ ಮಾಡಿ. ವಿ. ಅವರೇ, ಹೆಸರಿರುವ ಗಡಿಯಾರಗಳ ಫಲಕದಲ್ಲೂ 'ಮಾಡಿದವರು' ಅಂತ ಹಾಕಬೇಡಿ. ಬಣ್ಣದ ಮುಖಗಳು 1770ರ ದಶಕದಿಂದ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗಿ ಎಲ್ಲ ಕಡೆ ಹೋದವು, ನಿಮ್ಮ ದೇಶಕ್ಕೂ ಬಂದವು. ಮೇಲೆ ಊರಿನ ಅಂಗಡಿಯವನು ತನ್ನ ಹೆಸರು ಬರೆಸುತ್ತಿದ್ದ. ಎಷ್ಟೋ ಸಲ ಅವನು ಮಾರಿದವನು ಅಷ್ಟೇ. 'ಮುಖದ ಮೇಲಿನ ಹೆಸರು' ಅಂತ ಬರೆದರೆ ಯಾರೂ ಬೆರಳು ತೋರಿಸಲಾರರು. ಅವನು ನಿಜವಾಗಿ ಕುಶಲಕರ್ಮಿಯೋ ವ್ಯಾಪಾರಿಯೋ ಅನ್ನುವುದನ್ನು ಚರ್ಚಿನ ದಾಖಲೆ, ಪತ್ರಿಕೆ ಜಾಹೀರಾತು, ಕೆಲಸ ಕಲಿಯಲು ಸೇರಿದಾಗಿನ ಕರಾರು, ಇವುಗಳಲ್ಲಿ ಹುಡುಕಬೇಕು.

ವಿ.:

ಹಾಗೇ ಮಾಡಿದೆ, ಕೆ. ಅವರೇ. ಅಚ್ಚಿಗೆ ಹೋಗುವ ಪಾಠ ಇದು:

ಫಲಕದಲ್ಲಿ 'ನಿಲುವು ಗಡಿಯಾರ. ಮೂವತ್ತು ಗಂಟೆ ಓಡುತ್ತದೆ. ಮುಖದ ಮೇಲಿನ ಕೀಲಿ ತೂತುಗಳು ಬರೀ ಚಿತ್ರ.' ಆಸ್ತಿಪಟ್ಟಿಯಲ್ಲಿ 'ಎಂಟು ದಿನ ಓಡುವ ಗಡಿಯಾರ, ಪೆಟ್ಟಿಗೆ ಸಮೇತ.' ಮೂಲದಲ್ಲಿ ಪೆಟ್ಟಿಗೆ ಇಲ್ಲದ ಕಡೆ ನಾನೂ ಇಟ್ಟಿಲ್ಲ. ಕೆಳಗೆ ಒಂದು ಸಾಲು: 'ಇಂಥವನ್ನು ಇಂದು ಅಜ್ಜನ ಗಡಿಯಾರ ಎನ್ನುತ್ತಾರೆ, ಈ ಹೆಸರು 1876ರ ನಂತರದ್ದು.' ರಾ. ಅವರ ಅಜ್ಜನಿಗೂ ಜಾಗ ಸಿಕ್ಕಿತು. ಲೋಲಕ ಲೋಲಕವಾಗೇ ಇದೆ. ತಕರಾರಿದ್ದರೆ ಇವತ್ತು ರಾತ್ರಿಯೊಳಗೆ ಹೇಳಿ.

ಎಚ್.:

'ಸಮೇತ' ಯಾಕೆ? 'ಪೆಟ್ಟಿಗೆಯೊಡನೆ' ಅಂದರೆ ಸಾಲದೇ?

ಪಿ.:

'ಸಮೇತ' ಇರಲಿ.