ಮದ್ರಾಸ್ ಐ: ಮೆಡಿಕಲ್‌ನಿಂದ ಡ್ರಾಪ್ಸ್ ತಂದು ಹಾಕಬಹುದೇ?

ಪ್ರಶ್ನೆ: ಏಳು ವರ್ಷದ ಮಗನಿಗೆ ನಿನ್ನೆಯಿಂದ ಒಂದು ಕಣ್ಣು ಕೆಂಪಾಗಿ ನೀರು ಸುರಿಯುತ್ತಿದೆ. ಅಂಗಡಿಯವರು ಕೊಡುವ ಡ್ರಾಪ್ಸ್ ಹಾಕಬಹುದೇ?

ಉತ್ತರ: ತೆಳು ನೀರು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಡುವುದು, ಕಿವಿಯ ಮುಂದೆ ಸಣ್ಣ ಗಂಟು ಇದ್ದರೆ ಬಹುತೇಕ ವೈರಸ್, ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಹಳದಿ-ಹಸಿರು ಗೀಜು ದಿನವಿಡೀ ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಎರಡೂ ಕಣ್ಣು ವಿಪರೀತ ತುರಿಸಿದರೆ ಅಲರ್ಜಿ.

ಉತ್ತರ: ದಯವಿಟ್ಟು ಡಾಕ್ಟರ್ ಚೀಟಿಯಿಲ್ಲದೆ ಡ್ರಾಪ್ಸ್ ತರಬೇಡಿ. ಹಲವು ಬಾಟಲಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು ಬೇಗ ಇಳಿದಂತೆ ಕಾಣುತ್ತದೆ, ಆದರೆ ಅದು ಹರ್ಪಿಸ್ ಸೋಂಕಾಗಿದ್ದರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಎದೆಹಾಲು, ಹರಳೆಣ್ಣೆಯೂ ಬೇಡ.

ಉತ್ತರ: ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಒಮ್ಮೆ ಒರೆಸಿ ಎಸೆಯಿರಿ; ಪ್ರತಿ ಸಲ ಹೊಸ ಹತ್ತಿ. ಟವೆಲ್, ದಿಂಬಿನ ಕವರ್ ಬೇರೆ ಇಡಿ. ಕೈಗೆ ಸೋಪು-ನೀರೇ ಬೇಕು, ಈ ವೈರಸ್ಸಿಗೆ ಸ್ಯಾನಿಟೈಸರ್ ಸಾಲದು. ನೀರು ಸುರಿಯುವುದು ನಿಲ್ಲುವವರೆಗೆ ಶಾಲೆಗೆ ಕಳಿಸಬೇಡಿ. ಕಣ್ಣು ನೋವು, ಬೆಳಕು ಚುಚ್ಚುವುದು, ಮಂಜು ಕಂಡರೆ ಅಂದೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.