ಒಂದು ಬೈಟೂ ಜಾಸ್ತಿ ಇಲ್ಲ

ಎಸ್‌ಪಿ ರೋಡಿನ ಹಳೇ ಸಾಮಾನಿನ ಅಂಗಡಿಯಿಂದ ಮೂರ್ತಿ 8085 ಎಂಬ ಹಳೇ ಪ್ರೊಸೆಸರ್ ಚಿಪ್ಪಿನ ಕಿಟ್ ಹೊತ್ತುಕೊಂಡು ಬಂದಿದ್ದ. ಮಲ್ಲೇಶ್ವರದ ಹೋಟೆಲಿನಲ್ಲಿ ದೋಸೆ ತಟ್ಟೆ ಸರಿಸಿ ಮೇಜಿನ ಮೇಲಿಟ್ಟ.

"ಏನೋ ಇದು, ತಕ್ಕಡಿನಾ?" ಸುಧಾ ಕೇಳಿದಳು.

"1976ರ ಇಂಟೆಲ್ ಚಿಪ್ ಕಣೇ. ನೆನಪಿಗೆ 64 ಕೆಬಿ. ಅದರ ಮೇಲೆ ಒಂದು ಬೈಟೂ ಇಲ್ಲ."

"ಒಂದು ಬೈಟೂನಾ ಸಾರ್?" ಎಂದು ಮಾಣಿ ಕಾಫಿ ತರಲು ಹೋಗಿಯೇ ಬಿಟ್ಟ.

ಸುಧಾ ದಿನವಿಡೀ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವಳು. ಕಿಟ್ ಜೊತೆಗಿದ್ದ ಚೀಟಿ ಓದಿದಳು. "2050ನೇ ವಿಳಾಸಕ್ಕೆ ಹಾರು ಅನ್ನೋದಕ್ಕೆ ಸಿ3, ಆಮೇಲೆ 50, 20 ಅಂತ ಇದೆ. ಉಲ್ಟಾ ಅಲ್ವಾ?"

"ನಿನ್ನ ಮನೆ ವಿಳಾಸ ಹೇಳು."

"ನಂಬರ್ 17, 4ನೇ ಕ್ರಾಸ್, ಮಲ್ಲೇಶ್ವರ."

"ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಅಷ್ಟೇ."

ನನಗೆ ಕಾಲೇಜು ಲ್ಯಾಬ್ ನೆನಪಾಯಿತು. 0ಯಿಂದ ಎಫ್‌ವರೆಗಿನ ಹೆಕ್ಸ್ ಅಂಕಿಗಳನ್ನು ಒಂದೊಂದೇ ಒತ್ತಿ ಒತ್ತಿ ಬೆರಳು ಸವೆದಿತ್ತು. ಕೊನೆಯ 76 ಒತ್ತಬೇಕು, ಅಂದರೆ ಎಚ್‌ಎಲ್‌ಟಿ, 'ನಿಲ್ಲು' ಅಂತ, ಅಷ್ಟರಲ್ಲಿ ಕರೆಂಟ್ ಹೋಯಿತು. ರ್‍ಯಾಮ್ ಖಾಲಿ. ಮೇಷ್ಟ್ರು ಮಾತ್ರ "ಬೇಗ ಮುಗಿಸಿ" ಎಂದರು.

"ಇಷ್ಟೆಲ್ಲ ಒದ್ದಾಟ ಯಾಕೆ? ಗುಣಾಕಾರವಾದರೂ ಬರುತ್ತಾ ಇದಕ್ಕೆ?"

"ಮಗ್ಗಿಯೇ ಬರಲ್ಲ. ಏಳೈದಲೆ ಬೇಕಾದರೆ ಏಳನ್ನು ಐದು ಸಲ ಕೂಡಬೇಕು." ಮೂರ್ತಿಯ ಮುಖ ಮಾತ್ರ ಮಗನಿಗೆ ರ‍್ಯಾಂಕ್ ಬಂದವನ ಹಾಗೆ ಅರಳಿತ್ತು. "ಆದರೆ ಕೇಳು. ಡಿಸಿಆರ್, ಅಂದರೆ ಒಂದು ಕಳೆ, ಅದಕ್ಕೆ ಚಿಪ್ಪಿನ ಗಡಿಯಾರದ 4 ಟಿಕ್. ಜೆಎನ್‌ಝಡ್, ಅಂದರೆ ಸೊನ್ನೆ ಆಗಿಲ್ಲದಿದ್ದರೆ ಹಾರು. ಹಾರಿದರೆ 10, ಹಾರದಿದ್ದರೆ 7. ಎರಡೂ ಸೇರಿ ಒಂದು ಸುತ್ತು ಹಾಕೋಕೆ 14 ಟಿಕ್. 3 ಮೆಗಾಹರ್ಟ್ಸ್‌ನಲ್ಲಿ ಅದು 5 ಮೈಕ್ರೋಸೆಕೆಂಡೂ ಆಗಲ್ಲ. ಓಡಿಸುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದು. ನಿನ್ನ ಪೈಥಾನಿನ ಒಂದು ಸಾಲಿಗೆ ಎಷ್ಟು ಟಿಕ್?"

ಸುಧಾ ಬಾಯಿ ತೆರೆದು ಮುಚ್ಚಿದಳು.

"ಇಡೀ ಬೆಂಗಳೂರಿನಲ್ಲಿ ಎಷ್ಟು ಹೊತ್ತಾಗುತ್ತೆ ಅಂತ ಗ್ಯಾರಂಟಿ ಕೊಡುವ ವಸ್ತು ಇದೊಂದೇ," ಎಂದೆ ನಾನು. ಸಿಲ್ಕ್ ಬೋರ್ಡ್ ದಾಟಿ ಬಂದಿದ್ದೆ, ಹೊಟ್ಟೆಯುರಿ.

"ಎ, ಬಿ, ಸಿ, ಡಿ, ಇ, ಎಚ್, ಎಲ್. ಲೆಕ್ಕದ ಅಂಕಿ ಇಟ್ಟುಕೊಳ್ಳೋಕೆ ಏಳೇ ರಿಜಿಸ್ಟರ್," ಮೂರ್ತಿ ಬೆರಳು ಮಡಚಿದ. "ಯಾರ ಕೈಯಲ್ಲಿ ಏನಿದೆ ಅಂತ ನನಗೆ ಗೊತ್ತು. ಆಫೀಸಿನಲ್ಲಿ ಏಳು ಜನರ ಟೀಮ್ ಇದೆ. ಅಲ್ಲಿ ಗೊತ್ತಿಲ್ಲ."

"ಹಾಗಾದರೆ ನಿನಗೆ ಬೇಕಾಗಿರೋದು ಚಿಪ್ ಅಲ್ಲ, ಎದುರು ಮಾತಾಡದ ಟೀಮ್!" ಎಂದಳು ಸುಧಾ.

ಅಷ್ಟರಲ್ಲಿ ಮಾಣಿ ಬಂದ. ಒಂದು ಬೈಟೂ. ಲೋಟ ಎರಡು, ಜನ ಮೂವರು.

"ಭಾಗಾಕಾರ ಬರುತ್ತಾ ಇದಕ್ಕೆ?" ಸುಧಾ ಕೇಳಿದಳು.

"ಅದೂ ಇಲ್ಲ. ಕಳೆಯುತ್ತಾ ಹೋಗಬೇಕು," ಎಂದು ಮೂರ್ತಿ ಒಂದು ಲೋಟ ಎತ್ತಿ ಪೂರ್ತಿ ಕುಡಿದ.