ಕುಡಿತ, ಹೊರಗಿನ ಸಂಬಂಧ ಎರಡೂ ಇದ್ದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಬಸವನಗುಡಿ ಅಕ್ಕ:
ತಂಗಿ ಗಂಡ ದಿನಕ್ಕೆ ನಾಲ್ಕೈದು ನೈಂಟಿ ಏರಿಸ್ತಾರೆ. ಸ್ಕೂಟರ್ ಡಿಕ್ಕಿಯಲ್ಲಿ ರೇನ್‌ಕೋಟ್ ಕೆಳಗೆ ಟೆಟ್ರಾ ಪ್ಯಾಕ್. ಈಗ ಹೊರಗೆ ಸಂಬಂಧ ಇರೋದೂ ಗೊತ್ತಾಗಿದೆ. ನಾಳೆಯಿಂದ ಮುಟ್ಟಲ್ಲ ಅಂತ ದೇವರ ಮುಂದೆ ಆಣೆ ಹಾಕಿಸೋಣ ಅಂತಾರೆ ಮನೆಯವರು. ಕಾಫಿಗೆ ಮಾತ್ರೆ ಬೆರೆಸಿ ಅಂತಾರೆ ಪಕ್ಕದ ಮನೆಯವರು. ಏನು ಮಾಡೋದು?

ವಾರ್ಡ್ ನಂ. 3:
ಎರಡೂ ಬೇಡ ಅಕ್ಕ. ಇಷ್ಟು ಕುಡಿಯೋ ದೇಹಕ್ಕೆ ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣೋದು, ದಿಕ್ಕುದೆಸೆಯಿಲ್ಲದೆ ಮಾತಾಡೋದು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋರಿದ್ದಾರೆ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು.

ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಕೊನೆಯ ಸಲ ಎಷ್ಟು ಹೊತ್ತಿಗೆ ಎಷ್ಟು ಕುಡಿದರು, ಹಿಂದೆ ಫಿಟ್ಸ್ ಬಂದಿತ್ತಾ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಡುಕದ ಮಾತ್ರೆಯನ್ನ ದಿನದಿಂದ ದಿನಕ್ಕೆ ಇಳಿಸ್ತಾರೆ, ಜೊತೆಗೆ ಥಯಮಿನ್, ಅಂದರೆ ವಿಟಮಿನ್ ಬಿ1. ಊಟ ಬಿಟ್ಟು ಕುಡಿದವರಿಗೆ ಥಯಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. 'ಸುಸ್ತಾಗಿದ್ದಾರೆ, ಒಂದು ಡ್ರಿಪ್ ಹಾಕಿ' ಅಂತ ನೀವೇ ಕೇಳಬೇಡಿ.

ಕಾಫಿಗೆ ಬೆರೆಸೋದು ಸಾಮಾನ್ಯವಾಗಿ ಡೈಸಲ್ಫಿರಾಮ್, ಕುಡಿತ ಬಿಡಿಸೋಕೆ ಕೊಡೋ ಮಾತ್ರೆ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಆ ಅಪಾಯ ಇರುತ್ತೆ. ತಾನಾಗಿ ಒಪ್ಪಿ ನುಂಗೋರಿಗೆ ಮಾತ್ರ.

ಕೋರ್ಟ್ ಹಾಲ್:
ಸಂಬಂಧದ ಮೇಲೆ ಸ್ಟೇಷನ್‌ನಲ್ಲಿ ಕೇಸ್ ಹಾಕ್ತೀವಿ ಅಂತ ಹೆದರಿಸಿ ಪ್ರಯೋಜನವಿಲ್ಲ. ವ್ಯಭಿಚಾರ ಅಪರಾಧ ಅನ್ನುತ್ತಿದ್ದ ಐಪಿಸಿ 497ನೇ ಸೆಕ್ಷನ್ 2018ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ಅದಿದ್ದಾಗಲೂ ಹೆಂಡತಿ ಗಂಡನ ಮೇಲೆ ದೂರು ಕೊಡೋ ಹಾಗಿರಲಿಲ್ಲ, ಅದು ಬೇರೆ ಮಾತು. ಹೊರಗಿನ ಸಂಬಂಧ ಈಗ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವಾಗಿ ಮಾತ್ರ ಉಳಿದಿದೆ. ಕೈ ಎತ್ತಿದರೆ, ಖರ್ಚಿಗೆ ದುಡ್ಡು ತಡೆದರೆ, ಅವಳ ಒಡವೆ ಗಿರವಿ ಇಟ್ಟರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ಸಹಾಯಕ್ಕೆ ಮಹಿಳಾ ಸಹಾಯವಾಣಿ 181. ಲಾಕರ್ ಕೀ, ಮಕ್ಕಳ ಫೀಸಿನ ದುಡ್ಡು ಇವತ್ತೇ ತಂಗಿಯ ಕೈಗೆ ಬರಲಿ.

ಸಂಜೆ ಓಪಿಡಿ:
ತಂಗಿಗೆ ರಕ್ತಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಕಾಯ್ತಾರೆ. ಈಗೊಮ್ಮೆ, 3 ತಿಂಗಳ ಮೇಲೆ ಇನ್ನೊಮ್ಮೆ. ಸಿಫಿಲಿಸ್, ಹೆಪಟೈಟಿಸ್ ಬಿ ಕೂಡ ನೋಡಿಸಿ. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಬೇಡ.

ಆ ಹೆಂಗಸಿನ ವಿಷಯ ಅಮಲಿನಲ್ಲಿದ್ದಾಗ ಎತ್ತಲೇಬಾರದು. ನಡುಕ ಇಳಿದು, ನಿದ್ದೆ ಸರಿಹೋದ ಮೇಲೆ, ಕೌನ್ಸೆಲರ್ ಎದುರಿಗೆ. ಹಳೆ ಕುಡಿತದಲ್ಲಿ ಕೆಲವರು ತಿರುಗಿ ಹೆಂಡತಿಯನ್ನೇ ಶಂಕಿಸೋಕೆ ಶುರುಮಾಡ್ತಾರೆ. ಫೋನ್ ಬಿಚ್ಚಿ ತೋರಿಸಿದರೆ ಆ ಸಂಶಯ ತೀರಲ್ಲ, ಅದು ಕಾಯಿಲೆಯ ಲಕ್ಷಣ. ಹೊಡೆತಕ್ಕೂ ಹೋಗಬಹುದು. ವೈದ್ಯರಿಗೆ ಮೊದಲೇ ಹೇಳಿಬಿಡಿ.

ಬಸವನಗುಡಿ ಅಕ್ಕ:
ಆಸ್ಪತ್ರೆಗೆ ಬರಲ್ಲ ಅಂದರೆ?

ವಾರ್ಡ್ ನಂ. 3:
ತಂಗಿ ಒಬ್ಬಳೇ ಹೋಗಲಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡ್ತಾರೆ. ಅವರ ಕೈಸಾಲ ತೀರಿಸೋದು, ಆಫೀಸಿಗೆ 'ಜ್ವರ' ಅಂತ ಫೋನ್ ಮಾಡೋದು ಈ ಸೋಮವಾರದಿಂದಲೇ ನಿಲ್ಲಿಸಲಿ.